ಗುಬ್ಬಿಯ ಡಾಕ್ಟ್ರಮ್ಮ

“ನರ್ಸ್ ಅಂತ ಹೇಳ್ಬಿಡಿ ಅನುಪಮಾ. ಎರಡು ನಿಮಿಷದಲ್ಲಿ ಮುಗಿದುಹೋಗುತ್ತೆ,” ಎಂದರು ಡಾಕ್ಟರ್ ಉದಯಕುಮಾರ್, ಕೈಯಲ್ಲಿದ್ದ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡೇ. “ನಮ್ಮ ಶಾಂತಲಾ ಸಿಸ್ಟರ್ ನರ್ಸಿಂಗ್ ರಿಜಿಸ್ಟ್ರೇಷನ್ ನಂಬರ್ ಇದೆಯಲ್ಲ, ನಿಮ್ಮದು ಅಂತ ಅದನ್ನೇ ಬರೆಸಿದರಾಯ್ತು. ಅವರು ಹೇಗೂ ಮದುವೆಯಾಗಿ ಊರು ಬಿಡ್ತಿದಾರೆ.”

ಬೆಳಗಿನಿಂದ ಅನುಪಮಾಳ ಕೈಗೆ ಯಾವ ಕೆಲಸವೂ ಹತ್ತಿರಲಿಲ್ಲ. ತುಮಕೂರಿನ ಆ ಆಸ್ಪತ್ರೆಯ ಇಸಿಜಿ ಕೋಣೆಗೆ ಹೋಗಿ, ಯಾಕೆ ಬಂದೆನೆಂಬುದು ಮರೆತು ಹಾಗೇ ಹಿಂದಿರುಗಿದ್ದಳು. ಒಂದೇ ಕೇಸ್ ಶೀಟನ್ನು ಮೂರು ಸಲ ಓದಿದರೂ ಅದು ಯಾರದೆಂದು ತಲೆಗೆ ಹೋಗಿರಲಿಲ್ಲ. ಹನ್ನೊಂದೂವರೆಗೆ ಆರೋಗ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಣೆ. ಗುಬ್ಬಿಯಲ್ಲಿ ಪ್ರತಿ ಗುರುವಾರ ಅರ್ಹತೆಯಿಲ್ಲದ ಹೆಂಗಸೊಬ್ಬಳು ಡಾಕ್ಟರೆಂದು ಹೇಳಿಕೊಂಡು ರೋಗಿಗಳನ್ನು ನೋಡುತ್ತಿದ್ದಾಳೆ ಎಂದು ದೂರು ಹೋಗಿತ್ತು. ಆ ಹೆಂಗಸು ಅವಳೇ.

“ಸಾರ್, ನಾನು ನರ್ಸಿಂಗ್ ಓದಿಲ್ಲ.”

“ನಿಮಗೆ ಗೊತ್ತು, ನನಗೆ ಗೊತ್ತು. ಅವರಿಗೆ ಅರ್ಥ ಮಾಡಿಸ್ತಾ ಕೂತ್ರೆ ಸಂಜೆಯಾಗುತ್ತೆ. ಗುಬ್ಬಿ ಕ್ಲಿನಿಕ್ ಉಳೀಬೇಕೋ ಬೇಡ್ವೋ ಅಷ್ಟು ಯೋಚಿಸಿ. ಮುಂದಿನ ತಿಂಗಳು ಕುಣಿಗಲ್‌ನಲ್ಲೂ ಶುರು ಮಾಡ್ಬೇಕು ಅಂತಿದೀವಿ.”

ಗುಬ್ಬಿ ಕ್ಲಿನಿಕ್ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಗುರುವಾರಕ್ಕೆ ನಲವತ್ತು ಜನ ಬರುತ್ತಿದ್ದರು. ಹೃದಯದ ಆಪರೇಷನ್ ಮಾಡಿಸಿಕೊಂಡವರು, ಬಿಪಿಯವರು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು. ತುಮಕೂರಿಗೆ ಬಂದು ಅರ್ಧ ದಿನ ಕಾಯಲಾರದವರು. ಇವರನ್ನೆಲ್ಲ ಮೊದಲು ಅನುಪಮಾ ನೋಡುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಉದಯಕುಮಾರರೂ ಬರುತ್ತಿದ್ದರು. ಅವರಿಲ್ಲದ ವಾರ ಪ್ರತಿ ರೋಗಿಗೂ ಫೋನು. ಒಂದು ಮಾತ್ರೆ ಅರ್ಧ ಆಗಬೇಕಾದರೂ ಅವರು ಹ್ಞೂಂ ಅನ್ನದೆ ಆಗುತ್ತಿರಲಿಲ್ಲ.

ಚೆನ್ನೈನಲ್ಲಿ ನಾಲ್ಕು ವರ್ಷ ಓದಿ ಬಂದಿದ್ದಳು. ಫಿಸಿಷಿಯನ್ ಅಸಿಸ್ಟೆಂಟ್ ಎಂದು ಆ ಓದಿನ ಹೆಸರು. ರೋಗಿಯ ಮಾತನ್ನು ಪೂರ್ತಿ ಕೇಳಿ ಬರೆದುಕೊಳ್ಳುವುದು, ಎದೆಬಡಿತ ನೋಡುವುದು, ಪರೀಕ್ಷೆಯ ವರದಿಗಳನ್ನು ಓದುವುದು, ಡಾಕ್ಟರು ಹೇಳಿದ ಚಿಕಿತ್ಸೆ ಮನೆಗೆ ಹೋದ ಮೇಲೂ ಸರಿಯಾಗಿ ನಡೆಯುತ್ತಿದೆಯೇ ಎಂದು ಬೆನ್ನು ಹತ್ತುವುದು. ಡಾಕ್ಟರ ಜೊತೆಗೆ, ಡಾಕ್ಟರ ಕೆಳಗೆ ಮಾಡುವ ಕೆಲಸ. ಇಡೀ ರಾಜ್ಯದಲ್ಲಿ ಅವಳಿಗೆ ಗೊತ್ತಿದ್ದಂತೆ ಹಾಗೆ ಓದಿದವರು ಹದಿನಾಲ್ಕು ಜನ. ತಮಗೊಂದು ನೋಂದಣಿ ಬೇಕು, ತಮ್ಮ ಕೆಲಸ ಎಲ್ಲಿಂದ ಎಲ್ಲಿಯವರೆಗೆ ಎಂದು ಸರ್ಕಾರ ಬರೆದು ಹೇಳಬೇಕು ಎಂದು ಹದಿನಾಲ್ಕು ಜನವೂ ಸಹಿ ಹಾಕಿದ ಅರ್ಜಿ ಅವಳ ಬ್ಯಾಗಿನಲ್ಲಿತ್ತು. ಬೆಂಬಲಿಸುವ ಡಾಕ್ಟರ ಸಹಿಗೆಂದು ಕೆಳಗೆ ಬಿಟ್ಟಿದ್ದ ಜಾಗ ಎರಡು ತಿಂಗಳಿಂದ ಖಾಲಿ ಇತ್ತು. ಉದಯಕುಮಾರರು ಒಲ್ಲೆ ಅಂದಿರಲಿಲ್ಲ, ನಾಳೆ ಅನ್ನುತ್ತಿದ್ದರು.

ನಮ್ಮ ಕಡೆ ಕುತ್ತಿಗೆಗೆ ಸ್ಟೆತಾಸ್ಕೋಪು ಹಾಕಿಕೊಂಡ ಹೆಂಗಸಿಗೆ ಇರುವುದು ಎರಡೇ ಹೆಸರು. ತಲೆಯ ಮೇಲೆ ಟೋಪಿ ಇದ್ದರೆ ಸಿಸ್ಟರು, ಇಲ್ಲದಿದ್ದರೆ ಡಾಕ್ಟ್ರಮ್ಮ. ಮೊದಲ ಆರು ತಿಂಗಳು ಅನುಪಮಾ ಎಲ್ಲರಿಗೂ ತಿದ್ದಿ ಹೇಳಿದ್ದಳು. ಅಸಿಸ್ಟೆಂಟ್ ಅಂದರೆ ಕಾಂಪೌಂಡರಾ ಎಂದು ಕೇಳುತ್ತಿದ್ದರು. ಅಲ್ಲ ಅಂದರೆ, ಮತ್ತೆ ಡಾಕ್ಟ್ರೇ ತಾನೆ, ಬುಡಿ ಅನ್ನುತ್ತಿದ್ದರು. ಬಾಗಿಲಾಚೆ ಸಾಲು ಬೆಳೆಯುತ್ತಿತ್ತು. ಹೇಳುವುದನ್ನು ಒಂದು ದಿನ ಬಿಟ್ಟಳು, ಆಮೇಲೆ ಪೂರ್ತಿ ಬಿಟ್ಟಳು. ಡಾಕ್ಟ್ರಮ್ಮ ಎಂದು ಕರೆಸಿಕೊಳ್ಳುವುದು ಹಿತವಾಗಿಯೂ ಇತ್ತು, ಅದನ್ನು ಯಾಕೆ ಮುಚ್ಚಿಡಬೇಕು. ಹೀಗೆ ಐದು ವರ್ಷ ಕಳೆದು ಎರಡು ಸಾವಿರದ ಎಂಟನೇ ಇಸವಿ ಬಂದಿತ್ತು. ಪೇಪರು ತೆರೆದರೆ ನಕಲಿ ವೈದ್ಯರು ಸಿಕ್ಕಿಬಿದ್ದ ಸುದ್ದಿ.

ದೂರಿನ ಮೂಲ ಒಂದು ಗುರುವಾರದ್ದು. ಸಿ.ಎಸ್. ಪುರದ ಗಂಗಲಕ್ಷ್ಮಮ್ಮ ಮಾಮೂಲಿನಂತೆ ಬಂದಿದ್ದಳು. ಹೃದಯದ ಕವಾಟ ಬದಲಾಯಿಸಿಕೊಂಡವಳು, ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ರಕ್ತ ಹೆಪ್ಪುಗಟ್ಟದಂತೆ ದಿನಾ ಒಂದು ಮಾತ್ರೆ ತೆಗೆದುಕೊಳ್ಳಬೇಕು. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಹೆಚ್ಚಾದರೆ ಒಳಗೊಳಗೇ ರಕ್ತ ಸೋರತೊಡಗುತ್ತದೆ. ಅವಳ ಮೊಣಕೈಯಲ್ಲಿ, ಸೊಂಟದಲ್ಲಿ ನೀಲಿ ಕಲೆಗಳಿದ್ದವು. ಬಿದ್ದಿರಾ ಎಂದು ಕೇಳಿದರೆ ಇಲ್ಲ. ಹಲ್ಲುಜ್ಜುವಾಗ ರಕ್ತ ಬರುತ್ತಾ ಎಂದರೆ ಹ್ಞೂಂ, ಎಂಟು ದಿನದಿಂದ. ಅನುಪಮಾ ಮಾತ್ರೆಯ ಚೀಲವನ್ನು ಮೇಜಿನ ಮೇಲೆ ಸುರಿಸಿದಳು.

ಬಿಳಿಯದೊಂದು, ಗುಲಾಬಿ ಬಣ್ಣದ್ದೊಂದು. ಕಂಪನಿ ಬೇರೆ, ಮಾತ್ರೆ ಒಂದೇ.

“ಅಂಗ್ಡಿಯವ್ರು ಎರಡೂ ಒಂದೇ ಅಂದ್ರು. ಮನೇಲಿ ಬಿಳೀದು ಮಿಕ್ಕಿತ್ತಲ್ಲ, ಎಸ್ಯಕ್ಕೆ ಮನ್ಸು ಬರ್ಲಿಲ್ಲ,” ಅಂದಿದ್ದಳು ಗಂಗಲಕ್ಷ್ಮಮ್ಮ. “ಅದ್ಕೆ ಬೆಳಿಗ್ಗೆ ಅದ್ನ ನುಂಗ್ತಿದ್ದೆ, ರಾತ್ರಿಗೆ ಇದ್ನ.”

ಅನುಪಮಾ ಉದಯಕುಮಾರರಿಗೆ ಫೋನು ಮಾಡಿದಳು. ಎರಡನ್ನೂ ನಿಲ್ಲಿಸಿ, ಈಗಲೇ ಕಳಿಸಿ ಎಂದರು ಅವರು. ಅವಳನ್ನು ಜೀಪಿಗೆ ಹತ್ತಿಸಿ ತುಮಕೂರಿಗೆ ಕಳಿಸಿಯೂ ಆಯಿತು. ಇನ್ನೆರಡು ದಿನ ಕಳೆದಿದ್ದರೆ ಕಷ್ಟವಿತ್ತೆಂದು ಆಮೇಲೆ ಗೊತ್ತಾಯಿತು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ದೂರೂ ಇರುತ್ತಿರಲಿಲ್ಲ. ಆದರೆ ಅನುಪಮಾ ಮಧ್ಯಾಹ್ನ ಊಟ ಬಿಟ್ಟು ವೆಂಕಟಯ್ಯನ ಔಷಧಿ ಅಂಗಡಿಗೆ ಹೋಗಿ, ಕಂಪನಿ ಬದಲಾಯಿಸಿದರೆ ಹಳೆಯದನ್ನು ನಿಲ್ಲಿಸಿ ಅಂತಲೂ ಹೇಳಬೇಕಲ್ಲವೇ ಎಂದು ಕೇಳಿದಳು. ಅಂಗಡಿ ತುಂಬ ಗಿರಾಕಿಗಳಿದ್ದರು. ಮೂವತ್ತು ವರ್ಷದಿಂದ ಅಂಗಡಿ ಇಟ್ಟುಕೊಂಡಿದ್ದ ವೆಂಕಟಯ್ಯನ ಮುಖ ಕೆಂಪಾಯಿತು.

“ನಾನ್ಯಾರು ಅಂತ ಈ ಬೋರ್ಡ್ ಹೇಳುತ್ತೆ. ಲೈಸೆನ್ಸ್ ಗೋಡೆ ಮೇಲಿದೆ. ನೀನ್ಯಾರಮ್ಮ?” ಎಂದಿದ್ದ.

ಮರುದಿನವೇ ಇಲಾಖೆಗೆ ದೂರು ಬರೆದಿದ್ದ. ಹದಿನೈದು ದಿನದಿಂದ ಆ ಪ್ರಶ್ನೆ ಅನುಪಮಾಳನ್ನು ಬಿಟ್ಟಿರಲಿಲ್ಲ.

ಇವತ್ತು ಬೆಳಿಗ್ಗೆ ಅಪ್ಪ ಅಡವಿಯಪ್ಪ ಹಿರೇಹಳ್ಳಿಯ ಫ್ಯಾಕ್ಟರಿಗೆ ಹೊರಟವನು ಬಾಗಿಲಲ್ಲೇ ನಿಂತಿದ್ದ. ಅವನ ಬಲಗೈಯಲ್ಲಿ ಎರಡು ಬೆರಳಿಲ್ಲ. ಅನುಪಮಾ ಹೈಸ್ಕೂಲಿನಲ್ಲಿದ್ದಾಗ ಹೋದದ್ದು. ಆ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಇವತ್ತು ಅವನೇ ಎತ್ತಿದ.

“ಹನ್ನೊಂದು ವರ್ಷ ಲೇತ್ ಮಿಷಿನ್ ಓಡ್ಸಿದೀನಿ ಮಗ. ರಿಜಿಸ್ಟ್ರಿನಲ್ಲಿ ಮಾತ್ರ ಹೆಲ್ಪರ್ ಅಂತಿತ್ತು. ಹೋಗ್ಲಿ ಬುಡು, ಕೆಲ್ಸ ನಡೀತೈತಲ್ಲ ಅಂತ ನಾನೂ ಸುಮ್ಕಿದ್ದೆ. ಬೆರಳು ಹೋದ ದಿನ ಮ್ಯಾನೇಜರ್ ಏನಂದ ಗೊತ್ತಾ? ಹೆಲ್ಪರ್‌ಗೆ ಲೇತ್ ಹತ್ರ ಏನ್ ಕೆಲ್ಸ ಅಂದ.”

“ಅದಕ್ಕೆ ನಾನೇನು ಮಾಡ್ಲಿ ಅಂತೀಯಪ್ಪ?”

“ನಾನೇನೂ ಅನ್ನಲ್ಲ. ನೀನು ಓದಿರೋಳು,” ಎಂದು ಅಡವಿಯಪ್ಪ ಬಸ್ಸು ಹಿಡಿಯಲು ಹೊರಟುಹೋದ.

ಕಚೇರಿಯ ಹೊರಗಿನ ಬೆಂಚಿನಲ್ಲಿ ಗಂಗಲಕ್ಷ್ಮಮ್ಮ ಆಗಲೇ ಬಂದು ಕೂತಿದ್ದಳು. ಮಾತ್ರೆಯ ವಿಷಯ ಇದ್ದದ್ದು ಇದ್ದಹಾಗೆ ಹೇಳಿದರೆ ಸಾಕು ಎಂದು ಅವಳನ್ನು ಕರೆಸಿದ್ದು ಅನುಪಮಾಳೇ. ಮದುವೆ ಮುಂಜಿಗೆ ಉಡುವ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಬಂದಿದ್ದಳು. ಸ್ವಲ್ಪ ಆಚೆ ಒಂದು ಕುರ್ಚಿಯಲ್ಲಿ ವೆಂಕಟಯ್ಯ ಕೂತಿದ್ದ. ಗಂಗಲಕ್ಷ್ಮಮ್ಮ ಅವನನ್ನು ನೋಡಿಯೂ ನೋಡದವಳಂತೆ ಮುಖ ತಿರುಗಿಸಿ ಕೂತಿದ್ದಳು. ಉದಯಕುಮಾರರು ಕಾರಿಡಾರಿನ ಆ ತುದಿಯಲ್ಲಿ ಫೋನಿನಲ್ಲಿದ್ದರು.

“ನೀವು ಹೆದ್ರಬೇಡಿ ಡಾಕ್ಟ್ರಮ್ಮ. ನಾನ್ ಮಾತಾಡ್ತೀನಿ,” ಎಂದಳು ಗಂಗಲಕ್ಷ್ಮಮ್ಮ, ಅನುಪಮಾಳ ಕೈ ಹಿಡಿದುಕೊಂಡು.

ತಾನು ಡಾಕ್ಟರಲ್ಲವೆಂದು ಆಗಲೇ ಹೇಳಿಬಿಡಬಹುದಿತ್ತು. ಹೇಳಬೇಕೆಂದು ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಜವಾನ ಬಂದು ಎಲ್ಲರನ್ನೂ ಒಳಗೆ ಕರೆದ.

ಗುರುಸಿದ್ದಯ್ಯನವರು ನಿವೃತ್ತಿಗೆ ಹತ್ತಿರವಾಗಿದ್ದ ಅಧಿಕಾರಿ. ಮೇಜಿನ ಮೇಲೆ ನಕಲಿ ವೈದ್ಯರ ಮೇಲಿನ ದೂರಿನ ಫೈಲುಗಳು ಇನ್ನೂ ಇಪ್ಪತ್ತಿದ್ದವು. ಕೆಟ್ಟ ಮನುಷ್ಯರೇನಲ್ಲ, ಬೇಗ ಮುಗಿಸುವ ಆತುರವಿತ್ತು ಅಷ್ಟೇ. ದೂರನ್ನು ಓದಿ, ಕನ್ನಡಕದ ಮೇಲಿನಿಂದ ಅನುಪಮಾಳನ್ನು ನೋಡಿದರು.

“ಇವರೇನಾ? ಏನಾಗಿದಾರೆ ಇವರು ನಿಮ್ಮಲ್ಲಿ?”

“ಸಾರ್, ಇವರು ನಮ್ಮ ನರ್ಸಿಂಗ್...” ಎಂದು ಉದಯಕುಮಾರರು ಶುರುಮಾಡಿದರು.

ಆದರೆ ಅವರ ಮಾತು ಮುಗಿಯಲು ಗಂಗಲಕ್ಷ್ಮಮ್ಮ ಬಿಟ್ಟರೆ ತಾನೆ.

“ನರ್ಸು ಅಲ್ಲ ಸಾಮಿ, ಡಾಕ್ಟ್ರು ಇವ್ರು,” ಎಂದಳು ಎದ್ದು ನಿಂತು. “ನನ್ನ ಜೀವ ಉಳ್ಸಿದ ತಾಯಿ. ಗುಬ್ಬೀಲಿ ಎಲ್ರನ್ನೂ ಇವ್ರೇ ನೋಡೋದು. ಈ ದೊಡ್ಡ ಡಾಕ್ಟ್ರು ಯಾವಾಗ್ಲೋ ಬತ್ತಾರೆ, ಸೈನ್ ಹಾಕ್ತಾರೆ, ಹೊಯ್ತಾರೆ. ನಾಡಿ ಹಿಡಿಯೋದು, ಎದೆ ನೋಡೋದು, ಔಸ್ದಿ ಬರ್ಯೋದು ಎಲ್ಲ ಇವ್ರೆ. ಸುಳ್ಳಾದ್ರೆ ಯಡಿಯೂರು ಸಿದ್ಧಲಿಂಗಪ್ಪ ನನ್ನ ನೋಡ್ಕೊಳ್ಳಿ.”

ವೆಂಕಟಯ್ಯ ಮೆಲ್ಲಗೆ ಗಂಟಲು ಸರಿಮಾಡಿಕೊಂಡ.

“ನಾನು ಬರೆದಿರೋದೂ ಅದೇ ಸಾರ್,” ಎಂದ.

ಗುರುಸಿದ್ದಯ್ಯನವರು ಪೆನ್ನಿನ ಮುಚ್ಚಳ ತೆಗೆದರು. ಉದಯಕುಮಾರರು ನೆಲ ನೋಡುತ್ತಿದ್ದರು. ಗಂಗಲಕ್ಷ್ಮಮ್ಮ ಒಬ್ಬಳೇ, ಗೆದ್ದೆವಲ್ಲ ಎನ್ನುವ ಮುಖದಲ್ಲಿ ಅನುಪಮಾಳ ಕಡೆ ತಿರುಗಿದ್ದಳು. ಆ ಮುಖ ನೋಡುವುದು ಅನುಪಮಾಳಿಗೆ ಸಂಕಟವಾಯಿತು. ನರ್ಸ್ ಅಂದರೆ ಗಂಗಲಕ್ಷ್ಮಮ್ಮ ಸುಳ್ಳಿಯಾಗುತ್ತಾಳೆ, ಡಾಕ್ಟರ್ ಅಂದರೆ ತಾನು. ಸುಮ್ಮನಿದ್ದರೆ ಹೊರಗೆ ಹೋಗುವಷ್ಟರಲ್ಲಿ ಎಲ್ಲ ಬರೆದಾಗಿರುತ್ತದೆ.

“ನಾನು ಡಾಕ್ಟರಲ್ಲ ಸಾರ್,” ಎಂದಳು. ದನಿ ಅವಳು ಎಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. “ನರ್ಸೂ ಅಲ್ಲ. ನಾನು ಫಿಸಿಷಿಯನ್ ಅಸಿಸ್ಟೆಂಟ್. ನಾಲ್ಕು ವರ್ಷ ಇದನ್ನೇ ಓದಿದೀನಿ, ಡಿಗ್ರಿ ಇದೆ. ಡಾಕ್ಟರು ಒಪ್ಪಿಸಿದ ರೋಗಿಗಳನ್ನ ನೋಡ್ತೀನಿ, ನೋಡಿದ್ದನ್ನ ಅವರಿಗೆ ಹೇಳ್ತೀನಿ, ಔಷಧಿ ತೀರ್ಮಾನ ಮಾಡೋದು ಅವರು. ಪ್ರತಿ ಫೋನಿನ ಟೈಮೂ ಕೇಸ್ ಶೀಟಿನಲ್ಲಿದೆ. ತಂದಿದೀನಿ.”

“ಡಾಕ್ಟರ್ ಅಂತ ಹೇಳ್ಕೊಂಡಿದೀರಿ ಅಂತಾರಲ್ಲ ಮತ್ತೆ?”

“ಹೇಳ್ಕೊಂಡಿಲ್ಲ. ಅವರು ಕರೆದಾಗ ಅಲ್ಲ ಅಂತಲೂ ಹೇಳಿಲ್ಲ. ಅದು ತಪ್ಪು. ನಂದೇ ತಪ್ಪು.”

ಗುರುಸಿದ್ದಯ್ಯನವರು ಪೆನ್ನನ್ನು ಕೆಳಗಿಟ್ಟು, ಅವಳು ಕೊಟ್ಟ ಪ್ರಮಾಣಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಮೂವತ್ಮೂರು ವರ್ಷ ಆಯ್ತು ನಾನು ಈ ಇಲಾಖೆಗೆ ಸೇರಿ. ಇಂಥದ್ದೊಂದು ಓದು ಇದೆ ಅಂತ ನನಗೇ ಗೊತ್ತಿಲ್ಲವಲ್ಲಮ್ಮ. ಡಾಕ್ಟರಿಗೆ, ನರ್ಸಿಗೆ ನೋಂದಣಿ ಮಾಡೋ ಕೌನ್ಸಿಲ್ ಇದೆ, ನಿಮ್ಮನ್ನ ಯಾವ ಕೌನ್ಸಿಲ್ಲಿನ ಕೆಳಗೆ ಅಂತ ಬರೀಲಿ?”

“ಕೌನ್ಸಿಲ್ ಇಲ್ಲ ಸಾರ್. ಬೇಕು ಅಂತಲೇ ಕೇಳ್ತಿದೀವಿ.” ಬ್ಯಾಗಿನಿಂದ ಅರ್ಜಿ ತೆಗೆದು ಮೇಜಿನ ಮೇಲಿಟ್ಟಳು. “ಇವತ್ತು ನನ್ನನ್ನ ನರ್ಸ್ ಅಂತ ಬರೆದ್ರೆ ನನ್ನ ಕೆಲಸ ನಡೆದುಹೋಗುತ್ತೆ. ಆದ್ರೆ ನನ್ನಿಂದ ಏನಾದ್ರೂ ತಪ್ಪಾದ ದಿನ, ಎದೆ ನೋಡೋಕೆ ನಿನಗ್ಯಾರು ಹೇಳಿದ್ರು ಅಂತ ನೀವೇ ಕೇಳ್ತೀರಿ. ಅವತ್ತು ರೋಗಿಗೂ ಯಾರೂ ದಿಕ್ಕಿರಲ್ಲ, ನನಗೂ ಇರಲ್ಲ.”

ಗುರುಸಿದ್ದಯ್ಯನವರು ಅರ್ಜಿಯನ್ನು ಕೊನೆಯವರೆಗೂ ಓದಿದರು. ಖಾಲಿ ಜಾಗದ ಮೇಲೆ ಬೆರಳಿಟ್ಟು ಉದಯಕುಮಾರರನ್ನು ನೋಡಿದರು. “ಇವರು ಮಾಡೋ ಕೆಲಸಕ್ಕೆ ನೀವು ಜವಾಬ್ದಾರರೋ?”

“ಹೌದು,” ಎಂದರು ಉದಯಕುಮಾರರು.

“ಹಾಗಿದ್ರೆ ಇಲ್ಲಿ ಹಾಗಂತ ಬರೆದು ಸಹಿ ಹಾಕಿ. ನಾನು ಮೇಲಕ್ಕೆ ಕಳಿಸ್ತೀನಿ. ಅಲ್ಲಿಂದ ಏನು ಬರುತ್ತೋ, ಯಾವಾಗ ಬರುತ್ತೋ, ಅದು ನನ್ನ ಕೈಲಿಲ್ಲ. ನಕಲಿ ಡಾಕ್ಟರ್ ಅನ್ನೋ ದೂರನ್ನ ಮುಚ್ತೀನಿ. ಆದ್ರೆ ಉತ್ತರ ಬರೋವರೆಗೂ ನೀವು ಎದುರಿಗಿಲ್ಲದೆ ಇವರು ಒಬ್ಬರೇ ಗುಬ್ಬೀಲಿ ರೋಗಿಗಳನ್ನ ನೋಡೋ ಹಾಗಿಲ್ಲ.”

ಸಹಿ ಹಾಕಿ ಹೊರಗೆ ಬಂದಾಗ ಉದಯಕುಮಾರರ ಮುಖ ಬಿಗಿದುಕೊಂಡಿತ್ತು. ಕಾರಿನ ಬಾಗಿಲು ತೆರೆದು, ಒಳಗೆ ಕೂರದೆ ನಿಂತರು.

“ನೀವು ಹೇಳಿದ್ದು ಸರೀನೇ ಅನುಪಮಾ. ಆದ್ರೆ ನಾಳೆ ಗುರುವಾರ. ನನಗೆ ಎರಡು ಆಂಜಿಯೋಗ್ರಾಮ್ ಇದೆ, ಬರೋಕಾಗಲ್ಲ. ಗುಬ್ಬಿಗೆ ಬರೋ ನಲವತ್ತು ಜನಕ್ಕೆ ಈ ಸರಿ ಇಟ್ಕೊಂಡು ಏನು ಹೇಳ್ತೀರಿ?”

ಕಾರು ಹೋದಮೇಲೂ ಅನುಪಮಾ ಅಲ್ಲೇ ನಿಂತಿದ್ದಳು. ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ತಿರುಗಿ ನೋಡಿದರೆ ಬೆಂಚಿನ ಬಳಿ ಗಂಗಲಕ್ಷ್ಮಮ್ಮ ನಿಂತಿದ್ದಳು. ಬೆಳಗಿನ ಗೆಲುವು ಆ ಮುಖದಲ್ಲಿ ಲವಲೇಶವೂ ಇರಲಿಲ್ಲ.

“ಅಷ್ಟು ಜನದ್ ಮುಂದೆ ನನ್ನ ಸುಳ್ಳಿ ಮಾಡ್ಬುಟ್ಟೆ,” ಎಂದಳು. ಐದು ವರ್ಷದಲ್ಲಿ ಅವಳು ಅನುಪಮಾಳನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. “ನೀನು ಡಾಕ್ಟ್ರಲ್ಲ ಅಂದ್ಮೇಲೆ, ಇಷ್ಟು ದಿನ ನನ್ನ ನೋಡ್ದೋರು ಯಾರು?”

“ಅಮ್ಮ, ಒಂದು ನಿಮಿಷ ಕೂತ್ಕೊಳ್ಳಿ, ಹೇಳ್ತೀನಿ.”

“ಬಸ್ಸು ಹೊಯ್ತದೆ,” ಎಂದು ಗಂಗಲಕ್ಷ್ಮಮ್ಮ ಸೆರಗು ಹೊದ್ದು ಹೊರಟೇಬಿಟ್ಟಳು.

ಅನುಪಮಾ ಅವಳ ಹಿಂದೆಯೇ ಹೋದಳು. ಬಸ್ ಸ್ಟ್ಯಾಂಡಿನವರೆಗೂ ಇಬ್ಬರ ನಡುವೆ ಹತ್ತು ಹೆಜ್ಜೆಯ ಅಂತರವಿತ್ತು. ಮುದುಕಿ ಬೇಗ ನಡೆಯುತ್ತಿದ್ದಳು. ಕವಾಟ ಬದಲಾಯಿಸಿಕೊಂಡವಳು ಇಷ್ಟು ವೇಗವಾಗಿ ನಡೆಯಬಾರದೆಂದು ಕೂಗಿ ಹೇಳಬೇಕೆನಿಸಿತು ಅನುಪಮಾಳಿಗೆ. ಇನ್ನು ಅದನ್ನು ಹೇಳುವ ಅಧಿಕಾರವಾದರೂ ತನಗಿದೆಯೇ ಎಂದು ಅನುಮಾನವಾಗಿ, ಹೇಳದೆ ನಡೆದಳು.

ಸಿ.ಎಸ್. ಪುರಕ್ಕೆ ಹೋಗುವ ಖಾಸಗಿ ಬಸ್ಸು ಅರ್ಧ ತುಂಬಿತ್ತು. ಗಂಗಲಕ್ಷ್ಮಮ್ಮ ಕಿಟಕಿಯ ಪಕ್ಕ ಕೂತು, ಪಕ್ಕದ ಜಾಗದಲ್ಲಿ ತನ್ನ ಚೀಲ ಇಟ್ಟಿದ್ದಳು. ಅನುಪಮಾ ಹತ್ತಿ ಬಂದು ಸೀಟಿನ ಕಂಬಿ ಹಿಡಿದು ನಿಂತಳು. ಮುದುಕಿ ಹೊರಗೇ ನೋಡುತ್ತಿದ್ದಳು.

ಮುಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದ ಹೆಂಗಸು ಇಬ್ಬರನ್ನೂ ಒಂದು ಸಲ ನೋಡಿದಳು. “ಮಗಳಾ ಅಮ್ಮ?” ಎಂದು ಕೇಳಿದಳು.

“ಅಲ್ಲ,” ಎಂದಳು ಗಂಗಲಕ್ಷ್ಮಮ್ಮ. ಸ್ವಲ್ಪ ಹೊತ್ತು ಬಿಟ್ಟು, “ಡಾಕ್ಟ್ರೂ ಅಲ್ವಂತೆ, ನರ್ಸೂ ಅಲ್ವಂತೆ. ಅದೇನೋ ಬೇರೆನೇ ಐತಂತೆ. ನಂಗೊತ್ತಿಲ್ಲ ಕಣವ್ವ, ಅವ್ಳನ್ನೇ ಕೇಳು.”

ಅನುಪಮಾ ಹೇಳಿದಳು. ಕಚೇರಿಯಲ್ಲಿ ಹೇಳಿದ ಮಾತುಗಳು ಇಲ್ಲಿ ನಡೆಯಲಿಲ್ಲ. ಡಿಗ್ರಿ, ಕೌನ್ಸಿಲ್ ಎಲ್ಲ ಬಿಟ್ಟು, ತಾನು ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆಗೆದಲ್ಲಿಂದ ಏನೇನು ಮಾಡುತ್ತೇನೆಂದು ಹೇಳಿದಳು. ಏನನ್ನು ಮಾಡುವುದಿಲ್ಲ ಎಂದೂ ಹೇಳಿದಳು. ತನಗೆ ತಿಳಿಯದ್ದು ಎಲ್ಲಿ ಶುರುವಾಗುತ್ತದೆ, ಅಲ್ಲಿ ಯಾರನ್ನು ಕೇಳುತ್ತೇನೆ ಎಂದೂ.

“ಹಂಗಾರೆ ಆವತ್ತು,” ಎಂದಳು ಗಂಗಲಕ್ಷ್ಮಮ್ಮ ಕಿಟಕಿಯ ಕಡೆಯಿಂದ ಮುಖ ತಿರುಗಿಸದೆ, “ನನ್ನ ಮಾತ್ರೆ ನಿಲ್ಸಿದ್ದು ಯಾರು? ನೀನಾ, ಅವ್ರಾ?”

“ಎರಡು ಮಾತ್ರೆ ಆಗಿದೆ ಅಂತ ಕಂಡುಹಿಡಿದದ್ದು ನಾನು. ನಿಲ್ಲಿಸಿ ಅಂದದ್ದು ಅವರು. ಒಬ್ಬರಿಂದಲೇ ಆಗ್ತಿರಲಿಲ್ಲ ಅಮ್ಮ.”

“ಇದ್ನ ಮೊದ್ಲೇ ಹೇಳಕ್ಕೇನಾಗಿತ್ತು ನಿಂಗೆ? ನಾನೇನ್ ಬತ್ತಿರ್ಲಿಲ್ವಾ?”

ಅನುಪಮಾಳಿಗೆ ಕಣ್ಣು ತುಂಬಿ ಬಂತು. ಡ್ರೈವರು ಹತ್ತಿ ಇಂಜಿನ್ ಶುರು ಮಾಡಿದ. ಇಳಿಯುವವರು ಇಳಿಯಿರಿ ಎಂದು ಕಂಡಕ್ಟರು ಬಾಗಿಲಿನಿಂದ ಕೂಗುತ್ತಾ ಒಳಗೆ ಬಂದು ಅವಳ ಮುಂದೆ ನಿಂತ.

“ಮೇಡಂ, ನೀವು ಎಲ್ಲಿಗೆ?”

ಅವಳು ಬಾಗಿಲ ಕಡೆ ನೋಡಿದಳು. ಗಂಗಲಕ್ಷ್ಮಮ್ಮ ಚೀಲವನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

“ಗುಬ್ಬಿಗೆ ಒಂದು ಕೊಡಪ್ಪ,” ಎಂದಳು ಕಂಡಕ್ಟರನಿಗೆ. ಆಮೇಲೆ ಇವಳಿಗೆ, “ನಾಳೆ ಬರೋ ಜನಕ್ಕೂ ಹೇಳ್ಬೇಕಲ್ಲ, ನಂಗೆ ಸರ್ಯಾಗಿ ತಿಳೀಲಿಲ್ಲ. ಮೊದ್ಲಿಂದ ಹೇಳು.”

ಬಸ್ಸು ಸ್ಟ್ಯಾಂಡಿನಿಂದ ಹೊರಬಿದ್ದು ಗುಬ್ಬಿ ರಸ್ತೆಗೆ ತಿರುಗಿತು. ಮುಂದಿನ ಸೀಟಿನ ಹೆಂಗಸು ಮಗುವನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡು, ಕಿವಿಯ ಮೇಲಿದ್ದ ಸೆರಗನ್ನು ಹಿಂದಕ್ಕೆ ಸರಿಸಿದಳು.